ಕೊಡಗಿನಿಂದ ಕಡಲಂಚಿಗೆ: ಮನೆಮಂದಿ ಜೊತೆ ನಡೆಯಲು ತಲಶ್ಶೇರಿಯೋ, ಬೇಕಲವೋ, ಗೋಕರ್ಣವೋ, ವರ್ಕಲವೋ?

ತಲಕಾವೇರಿಯ ಬ್ರಹ್ಮಗಿರಿ ಮೇಲೆ ನಿಂತು, ಮೋಡವಿಲ್ಲದ ದಿನ ಪಶ್ಚಿಮಕ್ಕೆ ನೋಡಿದರೆ ಅರಬ್ಬಿ ಸಮುದ್ರ ಕಾಣುತ್ತದೆ. ಹಾಗಂತ ನಮ್ಮವ್ವ ಹೇಳುತ್ತಾಳೆ. ಚಿಕ್ಕವನಿದ್ದಾಗ ಅವಳ ಕೈ ಹಿಡಿದು ಅಷ್ಟೂ ಮೆಟ್ಟಿಲು ಹತ್ತಿದ್ದೆ. ನನಗೆ ಕಂಡಿದ್ದು ಬರೀ ಮಂಜು. ಅವ್ವ ಮಾತ್ರ ಬೆರಳು ತೋರಿಸಿ "ಅಗೋ, ಬೆಳ್ಳಗೆ ಗೆರೆ, ಅದೇ ಕಡಲು" ಅಂದಿದ್ದಳು. ಈಗ ಅವಳಿಗೆ ಎಪ್ಪತ್ತು. ಮಂಡಿ ನೋವು. ಮೆಟ್ಟಿಲು ಹತ್ತಿ ಕಡಲು ನೋಡುವ ಕಾಲ ಮುಗಿಯಿತು. ಇನ್ನು ಕಡಲ ಹತ್ತಿರಕ್ಕೇ ಕರೆದುಕೊಂಡು ಹೋಗಬೇಕು.

ಬರೀ ಮರಳಿನ ಬೀಚ್ ಅವಳಿಗೆ ಆಗುವುದಿಲ್ಲ. "ಎತ್ತರದಲ್ಲಿ ನಿಂತು ಕೆಳಗೆ ನೀರು ನೋಡಬೇಕು" ಅನ್ನುತ್ತಾಳೆ. ಬೆಟ್ಟದವರಲ್ವಾ, ಎತ್ತರದ ಹುಚ್ಚು ಬಿಡುವುದಿಲ್ಲ. ಹಾಗಾಗಿ ನಾಲ್ಕೈದು ವರ್ಷಗಳಲ್ಲಿ ನಾವು ಐದು ಜನ, ಅಂದರೆ ನಾನು, ಹೆಂಡತಿ, ಅವ್ವ, ಹನ್ನೊಂದರ ಮಗಳು, ಐದರ ಮಗ, ಕಡಲಿಗೆ ಮೂಗು ಚಾಚಿ ನಿಂತ ಎತ್ತರದ ಜಾಗಗಳನ್ನೆಲ್ಲ ಒಂದೊಂದಾಗಿ ನಡೆದು ನೋಡಿದ್ದೇವೆ. ವಿರಾಜಪೇಟೆ, ಮಡಿಕೇರಿ ಕಡೆಯಿಂದ ಹೊರಡುವವರಿಗೆ ಯಾವುದು ಸರಿ, ಯಾರಿಗೆ ಸರಿ ಎಂದು ಬರೆಯುತ್ತಿದ್ದೇನೆ.

ಮೊದಲು ಕಾಫಿ, ಆಮೇಲೆ ಕಡಲು

ಕಡಲು ಶಾಂತವಾಗಿ, ಗಾಳಿ ಹಿತವಾಗಿ ಇರುವುದು ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ನಮ್ಮ ಗ್ರಹಚಾರಕ್ಕೆ ಕಾಫಿ ಕೊಯ್ಲೂ ಅದೇ ಕಾಲಕ್ಕೆ. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಕಣದಲ್ಲಿ ಕಾಫಿ ಹರವಿಟ್ಟು ಯಾರು ತಾನೇ ಊರು ಬಿಡುತ್ತಾರೆ? ಮೋಡ ಕಟ್ಟಿದರೆ ಟಾರ್ಪಾಲ್ ಎಳೆಯಲು ಮನೆಯಲ್ಲಿ ಒಬ್ಬರಾದರೂ ಬೇಕು. ರೋಬಸ್ಟಾ ಮುಗಿದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಪೈಪ್ ಹೊರಬೇಕು. ಅಲ್ಲಿಗೆ ಮಾರ್ಚ್ ಕಳೆಯಿತು.

ತೋಟ ಇರುವವರಿಗೆ ಉಳಿಯುವುದು ಎರಡೇ ಸಂದು. ಒಂದು ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹಿಂದೆ ಮುಂದೆ ಸಿಗುವ ಒಂದೆರಡು ದಿನ. ಇನ್ನೊಂದು ಏಪ್ರಿಲ್‌ನ ಶಾಲೆ ರಜೆ. ಪುತ್ತರಿ ಸಮಯದಲ್ಲಾದರೆ ಒಂದೇ ದಿನದಲ್ಲಿ ಹೋಗಿ ಬರುವ ಜಾಗ ನೋಡಬೇಕು. ಏಪ್ರಿಲ್‌ನಲ್ಲಾದರೆ ಎರಡು ರಾತ್ರಿ ಉಳಿಯಬಹುದು, ಆದರೆ ಬಿಸಿಲು ಹೇಳಬೇಡಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಮಾತ್ರ ನಡೆಯಲು ಸಾಧ್ಯ. ನಮ್ಮ ತಂಪಿನಲ್ಲಿ ಬೆಳೆದ ಮಕ್ಕಳಿಗೆ ಕರಾವಳಿಯ ಸೆಕೆ ತಲೆಗೆ ಹತ್ತುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಮನೆಯಲ್ಲಿರಿ. ಮಳೆಗಾಲದ ಕಡಲು ನೋಡಲು ಚೆನ್ನ, ಒಪ್ಪಿದೆ. ಆದರೆ ಘಟ್ಟ ಕೇಳಬೇಕಲ್ಲ. 2018ರ ಜೂನ್‌ನಲ್ಲಿ, ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಘಟ್ಟ ಕುಸಿದು ದಾರಿಯೇ ಮುಚ್ಚಿದ್ದು ಎಲ್ಲರಿಗೂ ನೆನಪಿದೆ.

ಕಡಲಿಗೂ ಬರೆ ಇದೆ

ಮನೆ ಹಿಂದೆ ಮಣ್ಣು ಕಡಿದು ಸಮ ಮಾಡಿದಾಗ ನೆಟ್ಟಗೆ ನಿಲ್ಲುವ ಗೋಡೆಗೆ ನಾವು ಬರೆ ಅನ್ನುತ್ತೇವೆ. ಕಡಲಂಚಿನ ಈ ಎತ್ತರಗಳೂ ಒಂದು ಥರ ಬರೆಯೇ. ಕಡಿದದ್ದು ಜೆಸಿಬಿ ಅಲ್ಲ, ಅಲೆ. ಕಣ್ಣೂರಿನಿಂದ ವರ್ಕಲದವರೆಗೂ ಮೇಲ್ಗಡೆ ಇರುವುದು ಹೆಚ್ಚಾಗಿ ಕೆಂಪುಕಲ್ಲು, ನಾವು ಮನೆ ಕಟ್ಟಲು ಬಳಸುತ್ತೇವಲ್ಲ, ಅದೇ ಮುರಕಲ್ಲು. ನೆಲದೊಳಗೆ ಇದ್ದಾಗ ಕೊಡಲಿಯಲ್ಲಿ ಕತ್ತರಿಸುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ನೋಡಿ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆಗೆ ಲ್ಯಾಟಿನ್‌ನಲ್ಲಿರುವ ಹೆಸರಿನಿಂದ ಬಂದದ್ದು.

ಮೇಲಿನ ಈ ಟೋಪಿ ಗಟ್ಟಿ. ಅದರ ಕೆಳಗೆ ಕೆಲವು ಕಡೆ ಜೇಡಿ, ಮರಳುಗಲ್ಲು. ಅಲೆ ಬುಡವನ್ನು ತಿನ್ನುತ್ತದೆ, ಮಳೆನೀರು ಮೇಲಿನಿಂದ ಇಳಿಯುತ್ತದೆ, ಟೋಪಿ ಗಾಳಿಯಲ್ಲಿ ಚಾಚಿಕೊಂಡು ನಿಲ್ಲುತ್ತದೆ. ಮೇಲೆ ನಿಂತವರಿಗೆ ಕಾಲಡಿ ಏನೂ ಇಲ್ಲ ಎನ್ನುವುದು ಗೊತ್ತೇ ಆಗುವುದಿಲ್ಲ. ಅಂಚಿಗೆ ಸಮನಾಗಿ ನೆಲದಲ್ಲಿ ಒಂದು ಬಿರುಕು ಕಂಡರೆ ಅಲ್ಲಿಂದ ಹಿಂದಕ್ಕೆ ಬನ್ನಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲದಲ್ಲಿ ಗೆರೆ ಬಿದ್ದರೆ ಏನರ್ಥ ಅಂತ ನಮ್ಮ ಮಕ್ಕಳಿಗೂ ಗೊತ್ತು.

ಆದ್ದರಿಂದ ಜಾಗ ಆರಿಸುವಾಗ ನಾನು ನೋಟಕ್ಕೆ ಎರಡನೇ ಸ್ಥಾನ ಕೊಡುತ್ತೇನೆ. ಮೊದಲು ಕೇಳಿಕೊಳ್ಳುವುದು ಎರಡು ಪ್ರಶ್ನೆ. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನಿಗೂ ಅಂಚಿಗೂ ನಡುವೆ ಏನಿದೆ? ಎಲ್ಲರಿಗಿಂತ ನಿಧಾನಕ್ಕೆ ನಡೆಯುವವಳಿಗೆ ಕೂರಲು ಎಲ್ಲಿ ಜಾಗ ಇದೆ?

ಬೇಕಲ: ಓಡುವ ಮಕ್ಕಳಿಗೆ

ನನ್ನ ಮಗ ಗೇಟು ತೆರೆದರೆ ಓಡುವ ಪೈಕಿ. ಅವನಿಗೆ ಬೇಕಲ ಕೋಟೆಯೇ ಸರಿ. ಇಲ್ಲಿ ಕಡಲಿಗೂ ನಮಗೂ ನಡುವೆ ಕೋಟೆ ಗೋಡೆ ಇದೆ. ಬಹುತೇಕ ಕಡೆ ಐದು ವರ್ಷದವನ ತಲೆಗಿಂತ ಎತ್ತರ. ಎಲ್ಲ ಕಡೆ ಹಾಗಿಲ್ಲ. ಕೊತ್ತಳದ ಮೇಲೆ ಹತ್ತಿದಾಗ ಕೈ ಹಿಡಿಯಲೇಬೇಕು. ಒಳಗೆ ಸುಮಾರು 40 ಎಕರೆ ಬಯಲು, ಹುಲ್ಲು, ಅಗಲವಾದ ದಾರಿ. ನಡುವಿನ ಕಾವಲು ಬುರುಜಿಗೆ ಇಳಿಜಾರಿನ ದಾರಿ ಇರುವುದರಿಂದ ಅವ್ವ ಕೂಡ ನಿಧಾನಕ್ಕೆ ಹತ್ತಿದಳು. ಮೇಲೆ ನಿಂತರೆ ಒಂದು ಕಡೆ ತೆಂಗು, ಇನ್ನೊಂದು ಕಡೆ ಕಡಲು. "ಈಗ ಕಾಣುತ್ತಲ್ಲ ಗೆರೆ" ಅಂದೆ. "ಅಲ್ಲಿಂದಲೂ ಹೀಗೇ ಕಂಡಿತ್ತು" ಅಂದಳು. ಬಿಡುವ ಪೈಕಿ ಅಲ್ಲ.

ಮಗಳು ಅರ್ಧ ಗಂಟೆ ಕಳೆದದ್ದು ಹೊರಗೋಡೆಯ ತೂತುಗಳ ಮುಂದೆ. ಬಂದೂಕು ಇಡಲು ಬಿಟ್ಟ ಕಿಂಡಿಗಳು ಅವು. ಒಂದೇ ಜಾಗದಲ್ಲಿ ಮೇಲೊಂದು, ಕೆಳಗೊಂದು ಇರುತ್ತವೆ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ. ಅದರ ಕೆಳಗಿನದರಲ್ಲಿ ದಡದ ಹತ್ತಿರ. ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಹತ್ತಿರ ಬಂದ ಹಾಗೆ ಸೈನಿಕ ಬಗ್ಗುತ್ತಾ ಹೋಗಬೇಕು. ಇದನ್ನು ನಾನು ಹೇಳಲಿಲ್ಲ, ಅವಳೇ ಒಂದೊಂದರಲ್ಲೂ ಇಣುಕಿ ಕಂಡುಹಿಡಿದಳು. ನಿಮ್ಮ ಮಕ್ಕಳಿಗೂ ಮೊದಲೇ ಹೇಳಬೇಡಿ.

ಈ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಆಸುಪಾಸಿನಲ್ಲಿ. ಕೊಡಗನ್ನು ಆಳಿದ ನಮ್ಮ ಹಾಲೇರಿ ಅರಸರೂ ಅದೇ ಕೆಳದಿ-ಇಕ್ಕೇರಿ ಮನೆತನದ ಕವಲು ಎನ್ನುವ ಮಾತಿದೆ. 1956ರವರೆಗೆ ಬೇಕಲ ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಹೀಗಾಗಿ ಕೇರಳಕ್ಕೆ ಹೋಗಿದ್ದೇವೆ ಎನ್ನುವುದಕ್ಕಿಂತ ನೆಂಟರ ಮನೆಗೆ ಹೋದ ಹಾಗೆ ಇರುತ್ತದೆ. ಬಾಗಿಲ ಬಳಿ ಆಂಜನೇಯನ ಗುಡಿ ಇದೆ. ಅವ್ವನಿಗೆ ಅದೊಂದು ಸಮಾಧಾನ.

ಇನ್ನು ಕೊರತೆಗಳು. ನೆರಳು ಇಲ್ಲವೇ ಇಲ್ಲ ಅನ್ನಬಹುದು. ಹನ್ನೆರಡು ಗಂಟೆಗೆ ಒಳಗೆ ಹೋದರೆ ಕೆಂಪುಕಲ್ಲಿನ ಕಾವು ಚಪ್ಪಲಿ ದಾಟಿ ಬರುತ್ತದೆ. ಕೊಡೆ ಬೇಕೇ ಬೇಕು. ಇನ್ನೊಂದು ಮುಖ್ಯ ವಿಷಯ: ಕೋಟೆಯ ಮೇಲಿಂದ ಸೂರ್ಯಾಸ್ತ ನೋಡುತ್ತೇವೆ ಅಂದುಕೊಂಡು ಬರಬೇಡಿ. ಐದೂವರೆ ಹೊತ್ತಿಗೆ ಸೀಟಿ ಊದಿ ಹೊರಗೆ ಕಳಿಸುತ್ತಾರೆ. ನಾವು ಮೊದಲ ಸಲ ಐದಕ್ಕೆ ಹೋಗಿ ಅರ್ಧ ಕೋಟೆಯೂ ನೋಡಲಿಲ್ಲ. ಸೂರ್ಯ ಮುಳುಗುವುದನ್ನು ಪಕ್ಕದ ಪಳ್ಳಿಕ್ಕರೆ ಬೀಚಿನಲ್ಲಿ ನೋಡಬಹುದು.

ಮಡಿಕೇರಿಯಿಂದ ಎರಡು ದಾರಿ. ಸಂಪಾಜೆ, ಸುಳ್ಯ, ಕಾಸರಗೋಡು ಮೇಲೆ ಒಂದು. ಭಾಗಮಂಡಲ, ಕರಿಕೆ, ಪಾಣತ್ತೂರು, ಕಾಞಂಗಾಡು ಮೇಲೆ ಇನ್ನೊಂದು. ಎರಡೂ ಹೆಚ್ಚುಕಡಿಮೆ 125 ಕಿ.ಮೀ. ಕರಿಕೆ ದಾರಿ ಚಂದ, ಆದರೆ ಸಪೂರ, ತಿರುವು ಜಾಸ್ತಿ. ವಾಂತಿ ಮಾಡುವ ಮಕ್ಕಳಿದ್ದರೆ ಸುಳ್ಯದ ಮೇಲೆಯೇ ಹೋಗಿ.

ತಲಶ್ಶೇರಿ ಮತ್ತು ಕಣ್ಣೂರು: ಮಂಡಿ ನೋವಿನವರಿಗೆ, ಹೊಟ್ಟೆ ಹಸಿದವರಿಗೆ

ವಿರಾಜಪೇಟೆಯವರಿಗೆ ಇದಕ್ಕಿಂತ ಹತ್ತಿರದ ಕಡಲು ಇಲ್ಲ. ಪೆರುಂಬಾಡಿ ದಾಟಿ ಮಾಕುಟ್ಟ ಇಳಿದರೆ ಕೂಟುಪುಳ, ಆಮೇಲೆ ಇರಿಟ್ಟಿ. ಅಲ್ಲಿಂದ ಮುಂದೆ ಒಂದು ದಾರಿ ತಲಶ್ಶೇರಿಗೆ, ಇನ್ನೊಂದು ಕಣ್ಣೂರಿಗೆ. ಎರಡಕ್ಕೂ ವಿರಾಜಪೇಟೆಯಿಂದ 80-90 ಕಿ.ಮೀ. ಬಸ್ಸೂ ಇದೆ.

ತಲಶ್ಶೇರಿಯಲ್ಲಿ ಕಡಲ ಬರೆಯ ಮೇಲೆ ಒಂದು ಪುಟ್ಟ ಪಾರ್ಕ್ ಇದೆ. ಹೆಸರು ಓವರ್‌ಬರೀಸ್ ಫಾಲಿ, ಅಂದರೆ ಓವರ್‌ಬರಿಯ ಪೆದ್ದುತನ. ಇಂಗ್ಲಿಷರ ಕಾಲದಲ್ಲಿ ಇಲ್ಲಿ ಜಡ್ಜ್ ಆಗಿದ್ದ ಓವರ್‌ಬರಿ 1879ರಲ್ಲಿ ಕಡಲು ನೋಡಲು ಅಂತ ಒಂದು ಜಾಗ ಕಟ್ಟಿಸಲು ಹೊರಟ. ಕೆಲಸ ಪೂರ್ತಿಯಾಗಲಿಲ್ಲ. ಅದಕ್ಕೆ ಆ ಹೆಸರು ಅಂಟಿಕೊಂಡಿತು. ನೂರೈವತ್ತು ವರ್ಷವಾಗುತ್ತಾ ಬಂತು, ಜನ ಇನ್ನೂ ಆ ಪೆದ್ದುತನದ ಮೇಲೆಯೇ ಕೂತು ಕಡಲೆಕಾಯಿ ತಿನ್ನುತ್ತಾರೆ. ನನಗಂತೂ ಜಡ್ಜ್ ಮೇಲೆ ಗೌರವ ಬಂದಿದೆ. ಅವ್ವ ಒಂದು ಬೆಂಚಿನಲ್ಲಿ ಕೂತವಳು ಒಂದೂವರೆ ಗಂಟೆ ಏಳಲಿಲ್ಲ. ಕೆಳಗೆ ಅಲೆ ಬಂಡೆಗೆ ಬಡಿಯುವ ಸದ್ದು, ಮೇಲೆ ಮರದ ನೆರಳು.

ನಡೆಯಲು ಇಲ್ಲಿ ತುಂಬಾ ಇಲ್ಲ, ನಿಜ. ಪಾರ್ಕ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ಅದರ ಜೊತೆ ತಲಶ್ಶೇರಿ ಕೋಟೆ ಸೇರಿಸಿಕೊಳ್ಳಿ. 1708ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೆಣಸಿನ ವ್ಯಾಪಾರ ಕಾಯಲು ಕಟ್ಟಿಕೊಂಡದ್ದು. ಚೌಕ ಗೋಡೆ, ದೊಡ್ಡ ಬಾಗಿಲು, ಮೂಲೆಯಲ್ಲಿ ಲೈಟ್‌ಹೌಸ್. ನಮ್ಮ ತೋಟದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಾಗಿ ಇಷ್ಟು ದಪ್ಪ ಗೋಡೆಯಾ ಅಂತ ಹೆಂಡತಿ ಕೇಳಿದಳು. ಈಗಿನ ರೇಟಿಗೂ ಇಷ್ಟು ಕಾವಲು ಯಾರೂ ಹಾಕುವುದಿಲ್ಲ.

ಮಧ್ಯಾಹ್ನಕ್ಕೆ ಬಿರಿಯಾನಿ. ಉದ್ದ ಅಕ್ಕಿಯದಲ್ಲ. ಕೈಮ ಅನ್ನುವ ಸಣ್ಣ ಅಕ್ಕಿಯದು, ನಮ್ಮ ಸಣ್ಣಕ್ಕಿ ತಿಂದು ಬೆಳೆದ ಬಾಯಿಗೆ ಸರಿಯಾಗಿ ಹೊಂದುತ್ತದೆ. ಕಲ್ಲುಮ್ಮಕ್ಕಾಯ ಸಿಕ್ಕಿದರೆ ಬಿಡಬೇಡಿ. ಬಂಡೆಗೆ ಕಚ್ಚಿಕೊಂಡು ಬೆಳೆಯುವ ಚಿಪ್ಪು ಅದು. ಮಕ್ಕಳಿಗೆ ಮೊದಲು ಬಂಡೆ ತೋರಿಸಿ, ಆಮೇಲೆ ತಟ್ಟೆ ತೋರಿಸಿ.

ಸ್ವಲ್ಪ ಜಾಸ್ತಿ ನಡೆಯಬೇಕು ಅನ್ನುವವರು ಇನ್ನು 20 ಕಿ.ಮೀ. ಮುಂದೆ ಕಣ್ಣೂರಿನ ಸೇಂಟ್ ಏಂಜೆಲೋ ಕೋಟೆಗೆ ಹೋಗಬಹುದು. ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡಾ 1505ರಲ್ಲಿ ಶುರು ಮಾಡಿದ್ದು. ಮೂರು ಮೂಲೆಯ ಕೋಟೆ, ಕಡಲಿಗೆ ಚಾಚಿದ ದಿಣ್ಣೆ ಮೇಲೆ. ಆಮೇಲೆ ಡಚ್ಚರು, ಅರಕ್ಕಲ್ ಮನೆತನ, ಇಂಗ್ಲಿಷರು ಎಲ್ಲರ ಕೈ ದಾಟಿದೆ. ಗೋಡೆಯ ಮೇಲೆ ನಡೆದರೆ ಒಂದು ಪಕ್ಕ ತೆರೆದ ಸಮುದ್ರ, ಇನ್ನೊಂದು ಪಕ್ಕ ಮಾಪಿಳ್ಳ ಕೊಲ್ಲಿಯಲ್ಲಿ ನಿಂತ ಮೀನು ದೋಣಿಗಳು. ಬೇಕಲದಷ್ಟು ದೊಡ್ಡದಲ್ಲ, ಆದರೆ ಮರಗಳಿವೆ, ನೆರಳಿದೆ. ಕೆಲವು ಕಡೆ ಗೋಡೆ ಮೊಣಕಾಲಷ್ಟೇ ಎತ್ತರ. ನನ್ನ ಮಗನಂಥವರನ್ನು ಅಲ್ಲಿ ಬಿಡಬೇಡಿ.

ಎರಡೂ ಊರುಗಳ ನಡುವೆ ಮುಳಪ್ಪಿಲಂಗಾಡ್ ಬೀಚ್. ಮರಳು ಗಟ್ಟಿ, ಕಾರನ್ನೇ ನಾಲ್ಕು ಕಿ.ಮೀ. ನೀರಂಚಿನಲ್ಲಿ ಓಡಿಸಬಹುದು. ಮಕ್ಕಳು ಕುಣಿಯುತ್ತಾರೆ. ಮನೆಗೆ ಬಂದ ಮೇಲೆ ಕಾರಿನ ಅಡಿ ತೊಳೆಸಿ. ನಾನು ತೊಳೆಸಲಿಲ್ಲ, ಆಮೇಲೆ ಉಪ್ಪು ನೀರಿನ ತುಕ್ಕಿಗೆ ಚೆನ್ನಾಗಿ ದುಡ್ಡು ಕೊಟ್ಟೆ.

ಗೋಕರ್ಣ: ಎಲ್ಲರೂ ನಡೆಯುವವರಾದರೆ ಮಾತ್ರ

ನಿಜವಾದ ಕಡಲಂಚಿನ ನಡಿಗೆ ಅಂದರೆ ಇದೇ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಒಂದು ಬೀಚಿನಿಂದ ಇನ್ನೊಂದಕ್ಕೆ ಗುಡ್ಡದ ಅಂಚಿನಲ್ಲೇ ಕಾಲುದಾರಿ. ಒಂದೊಂದು ತುಂಡಿಗೂ ಇಪ್ಪತ್ತರಿಂದ ಮೂವತ್ತು ನಿಮಿಷ. ನೋಟದಲ್ಲಿ ಇದರ ಮುಂದೆ ಉಳಿದವೆಲ್ಲ ಸಪ್ಪೆ.

ಆದರೆ ನಾವು ಐದೂ ಜನ ಹೋದ ಸಲ ಅರ್ಧಕ್ಕೇ ವಾಪಸ್ ಬಂದೆವು. ಓಂ ಬೀಚಿನಿಂದ ಹಾಫ್ ಮೂನ್‌ಗೆ ಹೋಗುವ ದಾರಿ. ಒಣ ಹುಲ್ಲು, ನಡುವೆ ಕೆಂಪು ಜಲ್ಲಿ. ಒಂದು ಕಡೆ ದಾರಿ ಒಬ್ಬರು ಹೋಗುವಷ್ಟೇ ಅಗಲ, ಎಡಕ್ಕೆ ಗುಡ್ಡ, ಬಲಕ್ಕೆ ಏನೂ ಇಲ್ಲ. ಜಲ್ಲಿ ಕಾಲಡಿ ರಾಗಿ ಕಾಳಿನಂತೆ ಉರುಳುತ್ತದೆ. ಅವ್ವ ಹವಾಯಿ ಚಪ್ಪಲಿಯಲ್ಲಿದ್ದಳು. ತಪ್ಪು ನನ್ನದೇ, ನಾನು ನೋಡಲಿಲ್ಲ. ಮಗನನ್ನು ಎತ್ತಿಕೊಂಡಿದ್ದರಿಂದ ಅವಳ ಕೈ ಹಿಡಿಯಲು ನನಗೆ ಕೈ ಇರಲಿಲ್ಲ. ಅವಳು ಅಲ್ಲೇ ನೆಲಕ್ಕೆ ಕೂತಳು. "ನೀವು ಹೋಗಿ ಬನ್ನಿ, ನಾನು ಕಡಲು ಕಾಯುತ್ತೇನೆ" ಅಂದಳು. ಯಾರು ಬಿಟ್ಟು ಹೋಗುತ್ತಾರೆ? ಕೂತ ಹಾಗೇ ಒಂದೊಂದೇ ಹೆಜ್ಜೆ ಜಾರಿಸಿಕೊಂಡು ಹಿಂದಕ್ಕೆ ಬಂದಳು.

ಮರುದಿನ ಬೆಳಿಗ್ಗೆ ಅವ್ವ, ಮಗ, ಹೆಂಡತಿ ಮಹಾಬಲೇಶ್ವರ ದೇವಸ್ಥಾನಕ್ಕೆ ಹೋದರು. ನಾನು ಮಗಳು ಇಬ್ಬರೇ ಶೂ ಹಾಕಿಕೊಂಡು ಪ್ಯಾರಡೈಸ್‌ವರೆಗೆ ನಡೆದೆವು. ವಾಪಸ್ ಬರಲು ದೋಣಿ ಸಿಕ್ಕಿತು. ಆ ದಿನದ ಬಗ್ಗೆ ಮಗಳು ಇನ್ನೂ ಮಾತಾಡುತ್ತಾಳೆ. ಹೀಗೆ ಮನೆಯವರನ್ನು ಎರಡು ತಂಡ ಮಾಡಲು ಒಪ್ಪುವುದಾದರೆ ಗೋಕರ್ಣ ಬಹಳ ಚೆನ್ನ. ಎಂಟು ಒಂಬತ್ತು ವರ್ಷ ದಾಟಿದ ಮಕ್ಕಳು, ಗಟ್ಟಿ ಮಂಡಿಯ ದೊಡ್ಡವರು, ಹಿಡಿತ ಇರುವ ಶೂ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಮಡಿಕೇರಿಯಿಂದ ಮಂಗಳೂರು ಮೇಲೆ 370 ಕಿ.ಮೀ. ಹತ್ತಿರ. ಎರಡು ರಾತ್ರಿ ಬೇಕು. ಏಪ್ರಿಲ್ ರಜೆಗೆ ಇಡಿ.

ವರ್ಕಲ: ರೈಲು ಹತ್ತುವ ಮನಸ್ಸಿದ್ದರೆ

ಕೊಡಗಿನಲ್ಲಿ ರೈಲಿಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ರೈಲೇ ಅರ್ಧ ಪ್ರವಾಸ. ಕಣ್ಣೂರಿನಲ್ಲಿ ರಾತ್ರಿ ತಿರುವನಂತಪುರದ ರೈಲು ಹತ್ತಿದರೆ ಬೆಳಿಗ್ಗೆ ವರ್ಕಲ. ಇಲ್ಲಿ ಕಡಲ ಬರೆ ನೆಟ್ಟಗೆ ನಿಂತಿದೆ, ಕೆಂಪು, ಹಳದಿ, ಬಿಳಿ ಪದರಗಳಾಗಿ. ಭೂವಿಜ್ಞಾನದವರು ಈ ಪದರಗಳಿಗೆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಮೇಲೆ ಸಮತಟ್ಟಾದ ನಡೆದಾರಿ, ಒಂದು ಪಕ್ಕ ಅಂಗಡಿ, ಹೋಟೆಲ್, ಇನ್ನೊಂದು ಪಕ್ಕ ಆಳ. ಅವ್ವನಂಥವರು ಆರಾಮಾಗಿ ನಡೆಯಬಹುದು, ಕೂರಬಹುದು, ಚಹಾ ಕುಡಿಯಬಹುದು.

ತೊಂದರೆ ಎಂದರೆ ಆ ಇನ್ನೊಂದು ಪಕ್ಕ. ಎಲ್ಲ ಕಡೆ ಕಂಬಿ ಇಲ್ಲ. ಅಂಚು ಆಗಾಗ ಕುಸಿಯುತ್ತಲೇ ಇರುತ್ತದೆ. ಹಗಲಲ್ಲಿ ಸರಿ, ಕತ್ತಲಾದ ಮೇಲೆ ಜನಜಂಗುಳಿಯಲ್ಲಿ ಪುಟ್ಟ ಮಗುವಿನೊಂದಿಗೆ ಆ ದಾರಿ ನನಗೆ ಇಷ್ಟವಾಗಲಿಲ್ಲ. ಇಡೀ ಹೊತ್ತು ಮಗನ ಕಾಲರ್ ಹಿಡಿದುಕೊಂಡೇ ನಡೆದೆ. ಪಾಪನಾಶಂ ಬೀಚಿಗೆ ಇಳಿದು ಬುಡದಿಂದ ಬರೆ ನೋಡಿ, ಆದರೆ ಅದಕ್ಕೆ ಒರಗಿ ಕೂರಬೇಡಿ. ದೇವಸ್ಥಾನ ಬೇಕೆನ್ನುವವರಿಗೆ ಜನಾರ್ದನ ಸ್ವಾಮಿ ಇದ್ದಾನೆ. ನಾರಾಯಣ ಗುರುಗಳ ಸಮಾಧಿ ಇರುವ ಶಿವಗಿರಿಯೂ ಹತ್ತಿರ. ಮೂರು ದಿನ ಇಲ್ಲದೆ ಹೊರಡಬೇಡಿ.

ಉಳಿದವು, ಒಂದೊಂದು ಮಾತಲ್ಲಿ

ಉಳ್ಳಾಲದ ಸೋಮೇಶ್ವರ: ದೇವಸ್ಥಾನದ ಅಂಗಳದಿಂದ ನೋಡಿ, ಬಂಡೆ ಮೇಲೆ ಹೋಗಬೇಡಿ. ಫೋಟೋಗೆ ನಿಂತವರನ್ನು ಅಲೆ ಎಳೆದುಕೊಂಡದ್ದಿದೆ. ಕಾಪು: ಬಂಡೆ ಮೇಲಿನ ಲೈಟ್‌ಹೌಸ್ ಚಂದ, ಆದರೆ ನಡಿಗೆ ಇಲ್ಲ, ಒಳಗೆ ಮೆಟ್ಟಿಲೇ ಮೆಟ್ಟಿಲು. ಬೈಂದೂರಿನ ಒತ್ತಿನೆಣೆ: ಗೋಕರ್ಣಕ್ಕೆ ಹೋಗುವಾಗ ಕಾಲು ಚಾಚಲು ಒಳ್ಳೆಯ ಜಾಗ. ಎಳಿಮಲೆ: ನೌಕಾಪಡೆಯ ಅಕಾಡೆಮಿ ಇರುವುದರಿಂದ ಮನಸ್ಸಿಗೆ ಬಂದ ಕಡೆ ನಡೆಯಲು ಬಿಡುವುದಿಲ್ಲ.

ವಾಪಸ್ ಬರುವ ಹೊತ್ತು

ನಮ್ಮವರಿಗೆ ಮಾತ್ರ ಇರುವ ಲೆಕ್ಕ ಇದು. ಪಶ್ಚಿಮದ ಕಡಲು, ಸೂರ್ಯ ನೀರಿಗೇ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ, ಏಪ್ರಿಲ್‌ನಲ್ಲಿ ಆರೂವರೆ ದಾಟಿ. ಅದನ್ನು ನೋಡಿ ಹೊರಟರೆ ಮಾಕುಟ್ಟ ಘಟ್ಟ ಹತ್ತುವುದು ರಾತ್ರಿ ಎಂಟೂವರೆ ಮೇಲೆ. ಕಾಡು, ತಿರುವು, ಮಂಜು, ಒಮ್ಮೊಮ್ಮೆ ಆನೆ. ಒಂದು ಸಲ ನಾವು ಆನೆ ದಾಟುವವರೆಗೆ ದೀಪ ಇಳಿಸಿ ಇಪ್ಪತ್ತು ನಿಮಿಷ ನಿಂತಿದ್ದೆವು. ಮಕ್ಕಳು ನಿದ್ದೆಯಲ್ಲಿದ್ದರು, ನನಗೆ ಮಾತ್ರ ಬೆವರು.

ಅದಾದ ಮೇಲೆ ನಮ್ಮ ಮನೆಯ ನಿಯಮ: ಒಂದೇ ದಿನದ ಪ್ರವಾಸವಾದರೆ ಸೂರ್ಯಾಸ್ತ ಇಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ಎಂಟೂವರೆಗೆ ಕಡಲಂಚು, ಬಿಸಿಲೇರುವ ಮೊದಲು ನಡಿಗೆ, ಬಿರಿಯಾನಿ, ಎರಡೂವರೆಗೆ ವಾಪಸ್. ಸೂರ್ಯಾಸ್ತ ಬೇಕೇ ಬೇಕು ಅಂದರೆ ರಾತ್ರಿ ಕಣ್ಣೂರಿನಲ್ಲೋ ಕಾಞಂಗಾಡಿನಲ್ಲೋ ಉಳಿಯಿರಿ. ಸಂಪಾಜೆ ದಾರಿಯಲ್ಲಿ ವಾಹನ ಓಡಾಟ ಜಾಸ್ತಿ, ಹಾಗಾಗಿ ಬೇಕಲದಿಂದ ತಡವಾದರೂ ಅಷ್ಟು ಭಯವಿಲ್ಲ. ಆದರೆ ಕತ್ತಲಾದ ಮೇಲೆ ಕರಿಕೆ ದಾರಿ ಹಿಡಿಯಬೇಡಿ.

ಈ ಸಲ ಪುತ್ತರಿ ಮುಗಿದ ಭಾನುವಾರ ತಲಶ್ಶೇರಿ ಎಂದು ತೀರ್ಮಾನವಾಗಿದೆ. ಮಗಳಿಗೆ ಗೋಕರ್ಣ ಏಪ್ರಿಲ್‌ಗೆ. ಕಣ ನೋಡಿಕೊಳ್ಳಲು ಚಿಕ್ಕಪ್ಪ ಒಪ್ಪಿದ್ದಾರೆ, ಬದಲಿಗೆ ಒಂದು ಪಾರ್ಸೆಲ್ ಬಿರಿಯಾನಿ. ಅವ್ವ ತನ್ನ ಬೇಡಿಕೆಯನ್ನು ಈಗಲೇ ಹೇಳಿಟ್ಟಿದ್ದಾಳೆ: ಕಿಟಕಿ ಪಕ್ಕದ ಸೀಟು, ಘಟ್ಟಕ್ಕೆ ಮೂಸಲು ಎರಡು ನಿಂಬೆಹಣ್ಣು, ಆಮೇಲೆ ಜಡ್ಜ್‌ನ ಪಾರ್ಕಿನಲ್ಲಿ ಅದೇ ಬೆಂಚು.